ವಾರಿಜಳ ಗೋಡೆ ಒಣಗುವವರೆಗೆ

ರೈಲು

ತಿಪಟೂರಿನವನು ಕರಾವಳಿಗೆ ಕೊಬ್ಬರಿ ತೆಗೆದುಕೊಂಡು ಹೋಗುವುದು ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ ಎಂದು ನಕ್ಕವಳೂ ನನ್ನ ಹೆಂಡತಿ ಸರೋಜ, ಚೀಲಕ್ಕೆ ಎರಡು ಕಿಲೋ ಕೊಬ್ಬರಿ ತುಂಬಿದವಳೂ ಅವಳೇ. ಬಟ್ಟೆಗಳ ನಡುವೆ ನಾನು ಸೇರಿಸಿದ್ದು ಬೇರೆ. ನನ್ನ ಹಳೆಯ ರಸಮಟ್ಟ, ಮತ್ತು ಗೋಡೆ ನೆಟ್ಟಗಿದೆಯೇ ಎಂದು ದಾರ ಇಳಿಬಿಟ್ಟು ನೋಡುವ ಹಿತ್ತಾಳೆಯ ತೂಕದ ಗುಂಡು. ಅವು ಸರೋಜಳ ಕಣ್ಣಿಗೆ ಬೀಳದಿದ್ದರೆ ಸಾಕು ಎಂದುಕೊಂಡಿದ್ದೆ. ಬಿದ್ದವು.

“ಅಲ್ಲಿ ಸುಮ್ನೆ ಉಂಡ್ಕೊಂಡು ತಿಂದ್ಕೊಂಡು ಇದ್ದು ಬನ್ನಿ. ಯಾವುದಕ್ಕೂ ಕೈ ಹಾಕ್ಬೇಡಿ” ಎಂದಳು.

ನಾನು ಹೊರಟಿದ್ದು ತಂಗಿ ವಾರಿಜಳ ಮನೆ ನೋಡಲು. ಅದು ಇನ್ನೂ ಮನೆಯಾಗಿರಲಿಲ್ಲ, ಏಳುತ್ತಿತ್ತು. ವಾರಿಜ ನನಗಿಂತ ಎಂಟು ವರ್ಷ ಚಿಕ್ಕವಳು. ಮದುವೆಯಾಗಲಿಲ್ಲ. ಬ್ಯಾಂಕಿನಲ್ಲಿ ಆಫೀಸರಾಗಿ ವರ್ಗಾವಣೆಯ ಮೇಲೆ ವರ್ಗಾವಣೆ ಕಂಡು, ಕೊನೆಯ ಏಳು ವರ್ಷ ವಿಶಾಖಪಟ್ಟಣದಲ್ಲಿ ನಿಂತಿದ್ದಾಳೆ. ಇನ್ನಾರು ತಿಂಗಳಿಗೆ ನಿವೃತ್ತಿ. ಊರಿಗೆ ಬಂದುಬಿಡು ಎಂದರೆ ಬರಲಿಲ್ಲ. ವಿಶಾಖಪಟ್ಟಣದ ಹೊರಗೆ, ಭೀಮಿಲಿಯ ದಾರಿಯಲ್ಲಿ ಒಂದು ತುಂಡು ಜಾಗ ತೆಗೆದುಕೊಂಡು ಮನೆ ಕಟ್ಟಿಸಲು ಶುರುಮಾಡಿದ್ದಳು. ಅದೂ ಮಣ್ಣಿನ ಮನೆ.

ಮೂವತ್ತನಾಲ್ಕು ವರ್ಷ ಸರ್ಕಾರಿ ಕಟ್ಟಡಗಳನ್ನು ಕಟ್ಟಿಸಿ ನಿವೃತ್ತನಾದ ಇಂಜಿನಿಯರು ನಾನು. ಮಣ್ಣಿನ ಮನೆಗಳನ್ನು ಬೀಳಿಸಿ ಜನರಿಗೆ ಸಿಮೆಂಟಿನ ಮನೆ ಕೊಡಿಸಿದ್ದನ್ನೇ ನನ್ನ ಪುಣ್ಯದ ಗಂಟು ಎಂದು ನಂಬಿದವನು. ನನ್ನ ಸ್ವಂತ ಮನೆಯಲ್ಲಿ ಅವಳಿಗೆಂದೇ ಒಂದು ಕೋಣೆ ಕಟ್ಟಿಸಿದ್ದೆ. ಅದಕ್ಕೆ ಈಗಲೂ ‘ವಾರಿಜನ ರೂಮು’ ಎಂದೇ ಹೆಸರು, ಒಳಗಿರುವುದು ಮಾತ್ರ ಕೊಬ್ಬರಿ ಚೀಲ. ಅವಳು ಬಂದಾಗಲೆಲ್ಲ ಆ ಕೋಣೆಯ ಸೆಕೆ ತಾಳದೆ ಹಜಾರದಲ್ಲೇ ಮಲಗುತ್ತಾಳೆ. “ಗೋಡೆ ಏಳ್ತಾ ಇದೆ, ಬಂದು ನೋಡು ಅಣ್ಣಯ್ಯ” ಎಂದು ಅವಳು ಫೋನು ಮಾಡಿದಾಗ, ಬಂದು ಕಾಪಾಡು ಎಂದಂತೆ ನನಗೆ ಕೇಳಿಸಿತು.

ತಿರುಪತಿಯ ಆಚೆಗೆ ಹೋಗದವನಿಗೆ ವಿಶಾಖಪಟ್ಟಣವೂ ಪರದೇಶವೇ. ರೈಲಿನಲ್ಲಿ ಮೇಲಿನ ಬರ್ತಿನಿಂದ ಚೀಲ ಎಳೆಯುವಾಗ ತೂಕದ ಗುಂಡು ಜಾರಿ, ಕೆಳಗೆ ಕೂತಿದ್ದ ಅನಕಾಪಲ್ಲಿಯ ಹಿರಿಯರೊಬ್ಬರ ಪುಳಿಹೋರದ ಡಬ್ಬಿಯೊಳಗೆ ಬಿತ್ತು. ಅವರು ಸಿಟ್ಟಾಗಲಿಲ್ಲ. ಗುಂಡನ್ನು ತೆಗೆದು ತೊಳೆದು, ದಾರ ಹಿಡಿದು ತೂಗಿ ನೋಡಿ, ಇದು ಯಾವ ದೇವರದು ಎಂದು ಕೇಳಿದರು. ಪಾವಗಡದಲ್ಲಿ ಕೆಲಸ ಮಾಡುವಾಗ ಕಲಿತ ತೆಲುಗಿನಲ್ಲಿ ವಿವರಿಸಿದೆ. ಕುಲುಕುವ ಬೋಗಿಯಲ್ಲಿ ಗುಂಡು ಒಂದು ಕಡೆ ನಿಲ್ಲಲೇ ಇಲ್ಲ. ಅವರು ಅದನ್ನು ವಾಪಸು ಕೊಟ್ಟು, ಉಳಿದ ಪುಳಿಹೋರವನ್ನೂ ನನಗೇ ಬಡಿಸಿದರು.

ಎಂವಿಪಿ ಕಾಲೋನಿ

ವಾರಿಜಳ ಬಾಡಿಗೆ ಮನೆ ಎಂವಿಪಿ ಕಾಲೋನಿಯಲ್ಲಿ, ಮೂರನೆಯ ಮಹಡಿ. ಕೆಳಗೆ ಕೋಚಿಂಗ್ ಸೆಂಟರು. ಹುಡುಗರ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲು ಹತ್ತಬೇಕು. ಇಲ್ಲಿ ಯಾರು ಯಾರ ಜೊತೆ ಮಾತಾಡಿದರೂ ಕೊನೆಗೊಂದು ‘ಅಂಡಿ’ ಸೇರಿಸುತ್ತಾರೆ. ಆಟೋದವನೊಬ್ಬ ಇನ್ನೊಬ್ಬನಿಗೆ ಬಯ್ಯುವಾಗಲೂ ಬಹುವಚನ ಬಿಡಲಿಲ್ಲ. ವಾರಿಜಳಿಗೂ ಅದು ಹತ್ತಿಬಿಟ್ಟಿದೆ. ಫೋನಿನಲ್ಲಿ ಊರಿನ ಚಿಕ್ಕಮ್ಮನಿಗೆ “ಹೌದಂಡಿ” ಎಂದು ನಾಲಿಗೆ ಕಚ್ಚಿಕೊಂಡಳು.

ಅವಳ ಮನೆಯ ಗೋಡೆಗಳು ಬೋಳು. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿದ್ದಳು. ಅಪ್ಪನ ಫೋಟೋ ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿ ಕೂತಿತ್ತು. ಒಂದು ಮೊಳೆಯಾದರೂ ಹೊಡೆಯಬಾರದೇ ಎಂದು ಕೇಳಿದೆ. ಮನೆ ಮಾಲೀಕರು ಒಪ್ಪುವುದಿಲ್ಲ ಎಂದಳು. ಈವರೆಗೆ ಹನ್ನೊಂದು ಬಾಡಿಗೆ ಮನೆ ಕಂಡಿದ್ದಾಳಂತೆ. ಕೇಳಿದರೂ ಮೊಳೆಗೆ ಒಪ್ಪಿದವರು ಇಬ್ಬರೇ.

ಮಣ್ಣಿನ ಹುಚ್ಚು ಹಿಡಿದದ್ದು ಹೇಗೆ ಎನ್ನುವುದನ್ನು ಮರುದಿನ ಬೆಳಿಗ್ಗೆ ರೈತು ಬಜಾರಿನಲ್ಲಿ ಗೋಂಗೂರ ಸೊಪ್ಪು ಆರಿಸುತ್ತ ಹೇಳಿದಳು. ಹಿಂದೊಮ್ಮೆ ಇದೇ ಊರಿಗೆ ವರ್ಗವಾಗಿದ್ದಾಗ ದೊಡ್ಡ ತುಫಾನು ಬಂದಿತ್ತು. ಆಗ ಅವಳಿದ್ದ ಐದನೆಯ ಮಹಡಿಯ ಕಿಟಕಿ ಗಾಜುಗಳೆಲ್ಲ ಒಡೆದು ಒಳಗೆ ಬಂದವು. ಅವಳು ಬಚ್ಚಲಿನಲ್ಲಿ ಕೂತು ಬದುಕಿಕೊಂಡಳು. ಆಮೇಲೆ ಬ್ಯಾಂಕಿನ ಕೆಲಸಕ್ಕೆಂದು ಕಡಲ ಪಕ್ಕದ ಹಳ್ಳಿಗೆ ಹೋದರೆ, ಅಲ್ಲಿನ ದುಂಡನೆಯ ಮಣ್ಣಿನ ಮನೆಗಳು ಸೂರಿನ ಹುಲ್ಲು ಕಳೆದುಕೊಂಡು ನಿಂತಿದ್ದವಂತೆ. ಗೋಡೆ ಅಲ್ಲಾಡಿರಲಿಲ್ಲ. ಜನ ಆಗಲೇ ತಾಳೆ ಗರಿ ಹೊದಿಸುತ್ತಿದ್ದರು.

“ನನ್ನ ಮನೆಯ ಗಾಜು ತರೋಕೆ ಹೈದರಾಬಾದಿಗೆ ಹೋಗ್ಬೇಕಾಯ್ತು ಅಣ್ಣಯ್ಯ. ಅವರಿಗೆ ಬೇಕಾದ್ದೆಲ್ಲ ಅವರ ಹಿತ್ತಲಲ್ಲೇ ಇತ್ತು” ಎಂದಳು.

ಒಂದು ತುಫಾನು ಕಂಡು ಸಿದ್ಧಾಂತ ಕಟ್ಟಬಾರದು ಎಂದು ನಾನು ಹೇಳಿದೆ. ಅವಳು ಸೊಪ್ಪಿನವಳ ಹತ್ತಿರ ಇನ್ನೊಂದು ಕಟ್ಟು ಕೇಳಿ ಪಡೆದಳು.

ಭೀಮಿಲಿ ದಾರಿ

ಜಾಗದಲ್ಲಿ ಒಂದು ಗೋಡಂಬಿ ಮರ, ನಾಲ್ಕು ತಾಳೆ ಮರ. ನಾನಾಗಿದ್ದರೆ ಮೊದಲ ದಿನವೇ ಎಲ್ಲವನ್ನೂ ತೆಗೆಸಿ ನೆಲ ಮಟ್ಟ ಮಾಡಿಸುತ್ತಿದ್ದೆ. ಇಲ್ಲಿ ಮನೆಯೇ ಗೋಡಂಬಿ ಮರಕ್ಕೆ ದಾರಿ ಬಿಟ್ಟು ಬಾಗಿತ್ತು. ನಕ್ಷೆ ಬರೆದವಳು ಸ್ಫೂರ್ತಿ ಎಂಬ ಹುಡುಗಿ. ಹಾವೇರಿ ಕಡೆಯವಳು, ತಂದೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಹುಟ್ಟಿ ಬೆಳೆದದ್ದೆಲ್ಲ ಇಲ್ಲಿನ ಟೌನ್‌ಶಿಪ್ಪಿನಲ್ಲಾದ್ದರಿಂದ ಅವಳ ಕನ್ನಡ ಅರ್ಧ ದಾರಿಯಲ್ಲಿ ತೆಲುಗಾಗುತ್ತದೆ.

“ಅಂಕಲ್, ಈ ಮೂಲೆಗಳು ದುಂಡಗೆ ಯಾಕಂದ್ರೆ, ಗಾಲಿ ಬಂದ್ರೆ ತಪ್ಪಿಸ್ಕೊಂಡು ವೆಳ್ಳಿಪೋತುಂದಿ. ಅದೇ, ಹೋಗಿಬಿಡುತ್ತೆ” ಎಂದು ಕೈಯಲ್ಲಿ ಗಾಳಿಯ ದಾರಿ ತೋರಿಸಿದಳು.

ಮಳೆನೀರಿಗೆಂದು ಹೊಂಡ ತೋಡಿದ ಮಣ್ಣೇ ಗೋಡೆಗೆ ಹೋಗುತ್ತಿತ್ತು. ಗೋಡೆ ಎದ್ದಷ್ಟೂ ಹೊಂಡ ಆಳವಾಗುತ್ತಿತ್ತು. ತಳಕ್ಕೆ ಮೊಣಕಾಲೆತ್ತರ ಕಲ್ಲು, ಮೇಲೆ ಮಣ್ಣು, ಮಾಡಿಗೆ ಒಣಗಿ ಬಿದ್ದ ತಾಳೆ ಮರದ ತೊಲೆ, ಹಳೆಯ ಹೆಂಚು. ಮಾಡು ಗೋಡೆಯಿಂದ ಮೂರಡಿ ಮುಂದೆ ಚಾಚಿ ಗೋಡೆಗೆ ಕೊಡೆ ಹಿಡಿಯುತ್ತದೆಯಂತೆ. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಆದರೆ ಮಾಡು ಇನ್ನೂ ಕಾಗದದ ಮೇಲೇ ಇತ್ತು.

ಕಟ್ಟುವವರು ಅಪ್ಪಲರಾಜು ಮತ್ತು ಅವನ ಹೆಂಡತಿ ಪೈಡಮ್ಮ, ಇಬ್ಬರೂ ಅರವತ್ತು ದಾಟಿದವರು. ಪೈಡಮ್ಮ ಮಣ್ಣು ತುಳಿಯುತ್ತ ಚುಟ್ಟ ಸೇದುತ್ತಿದ್ದಳು. ಉರಿಯುವ ತುದಿಯನ್ನು ಬಾಯೊಳಗೆ ಇಟ್ಟುಕೊಂಡು! ನಾನು ಕಣ್ಣು ಬಾಯಿ ಬಿಟ್ಟು ನೋಡಿದೆ. ಹೊರಗಿಟ್ಟರೆ ಸಮುದ್ರದ ಗಾಳಿಗೆ ಆರಿಹೋಗುತ್ತದೆ ಎಂದು ಅವಳ ವಿವರಣೆ. ಈ ಕಡೆಯ ಹೆಂಗಸರಿಗೆ ಇದು ಮಾಮೂಲಂತೆ. ಹುಲ್ಲು ಸೇರಿಸಿ ತುಳಿದ ಮಣ್ಣನ್ನು ಅವಳು ಮುದ್ದೆ ಮಾಡಿ ಕೊಟ್ಟರೆ, ನಮ್ಮ ಕಡೆಯ ರಾಗಿಮುದ್ದೆಯ ಹಾಗಿದ್ದ ಅದನ್ನು ಅಪ್ಪಲರಾಜು ಗೋಡೆಯ ಮೇಲೆ ಎತ್ತಿ ಬಡಿಯುತ್ತಿದ್ದ. ಹೀಗೆ ಒಂದು ಸುತ್ತು, ಅವರ ಮಾತಲ್ಲಿ ಒಂದು ವರಸೆ, ಮುಗಿದರೆ ಕೆಲಸ ನಿಂತಿತು. ಅದು ಒಣಗಿದ ಮೇಲೆಯೇ ಮುಂದಿನದು.

ಒಣಗಿತು ಎಂದು ಹೇಳುವವರು ಯಾರು? ಅಪ್ಪಲರಾಜು ಹೇಳುವುದಿಲ್ಲ. ಆ ಮನೆಯಲ್ಲಿ ಯಾರು ಬಾಳಬೇಕೋ ಅವರು ಬೆಳಿಗ್ಗೆ ಬಂದು ಗೋಡೆಗೆ ಹೆಬ್ಬೆರಳು ಒತ್ತಿ ನೋಡಬೇಕು. ಗುರುತು ಬಿದ್ದರೆ ಆ ದಿನ ಕೆಲಸವಿಲ್ಲ. ಬೀಳದಿದ್ದರೆ ಮಣ್ಣು ಕಲಸಬಹುದು. ನೀನೇ ಯಾಕೆ ನೋಡಬಾರದು ಎಂದು ನಾನು ಕೇಳಿದ್ದಕ್ಕೆ ಅವನು, ಆತುರ ಇರುವುದು ಮನೆಯಲ್ಲಿ ಬಾಳುವವರಿಗೆ ಬಾಬು, ಅದನ್ನು ಅವರೇ ಅಂಕೆಯಲ್ಲಿ ಇಟ್ಟುಕೊಳ್ಳಬೇಕಲ್ಲ ಎಂದ. ಹೀಗಾಗಿ ವಾರಿಜ ದಿನಾ ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮೊದಲು ಸ್ಕೂಟರಿನಲ್ಲಿ ಇಲ್ಲಿಗೆ ಬಂದು, ಗೋಡೆಯ ಉದ್ದಕ್ಕೂ ಹೆಬ್ಬೆರಳು ಒತ್ತುತ್ತ ನಡೆಯುತ್ತಾಳೆ. ಅವಳ ಮುಖ ನೋಡಬೇಕಿತ್ತು. ತೊಟ್ಟಿಲಲ್ಲಿ ಮಲಗಿರುವ ಮಗುವಿನ ಹಣೆ ಮುಟ್ಟಿ ನೋಡುವವರ ಮುಖ ಅದು.

ನಾನು ನನ್ನ ತೂಕದ ಗುಂಡು ಇಳಿಬಿಟ್ಟೆ. ಗೋಡೆ ಕೆಳಗೆ ದಪ್ಪ, ಮೇಲೆ ತೆಳು. ಗುಂಡಿನ ದಾರಕ್ಕೂ ಗೋಡೆಗೂ ನಡುವೆ ನಾಲ್ಕು ಬೆರಳು ಅಂತರ. ಇದು ಸೊಟ್ಟ ಎಂದೆ. ಅಪ್ಪಲರಾಜು ಗುಂಡನ್ನು ಗೌರವದಿಂದ ನೋಡಿ, ಒಳ್ಳೆಯ ಹಿತ್ತಾಳೆ ಎಂದ.

ಎರಡು ಮೂಟೆ ಸಿಮೆಂಟು

ಸಮುದ್ರದ ಕಡೆಯ ಗೋಡೆ ಕಲ್ಲಿನ ಮೇಲೆ ಎರಡಡಿ ಎದ್ದಾಗ ಅಪ್ಪಲರಾಜು ದಂಪತಿ ಶ್ರೀಕಾಕುಳದ ಕಡೆ ಒಂದು ಮದುವೆಗೆ ಹೊರಟರು. ಗೋಡೆ ಹೇಗೂ ಒಣಗಬೇಕು, ಅಷ್ಟರೊಳಗೆ ನಾವು ಬಂದುಬಿಡುತ್ತೇವೆ ಎಂದು ತಾಳೆ ಗರಿ ಮುಚ್ಚಿ ಹೋದರು. ಮಾರನೆಯ ದಿನ ಟಿವಿಯಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದರು.

ವಾರಿಜ ಬ್ಯಾಂಕಿಗೆ ಹೋಗಿದ್ದಳು. ನಾನೊಬ್ಬನೇ ಜಾಗಕ್ಕೆ ಹೋಗಿ ಕೂತೆ. ಕಡಲ ಕಡೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಈ ಗೋಡೆ ಕರಗಿಹೋದರೆ ನನ್ನ ತಂಗಿ ಏನಾಗುತ್ತಾಳೆ ಎಂದು ಯೋಚಿಸಿದೆ. ಅರವತ್ತರ ಹೆಣ್ಣುಮಗಳು, ಒಬ್ಬಳೇ, ಹನ್ನೆರಡನೆಯ ಬಾಡಿಗೆ ಮನೆ ಹುಡುಕುವುದು ಕಣ್ಣಿಗೆ ಕಟ್ಟಿತು. ನನಗೆ ನಿಜವಾಗಿಯೂ ಭಯವಾಯಿತು. ಆಮೇಲೆ ನಾನು ಮಾಡಿದ್ದನ್ನು ಆ ಭಯದ ಮೇಲೆ ಹಾಕಲು ಇಷ್ಟವಿಲ್ಲ. ಆದರೆ ಶುರುವಾದದ್ದು ಅಲ್ಲಿಂದಲೇ.

ಹತ್ತಿರದ ಅಪಾರ್ಟ್‌ಮೆಂಟ್ ಕೆಲಸದಿಂದ ಒಬ್ಬ ಗಾರೆಯವನನ್ನು ಕರೆದುಕೊಂಡು ಬಂದೆ. ಎರಡು ಮೂಟೆ ಸಿಮೆಂಟು, ಒಂದಿಷ್ಟು ಮರಳು. ಮಧ್ಯಾಹ್ನದೊಳಗೆ ಸಮುದ್ರದ ಕಡೆಯ ಗೋಡೆಗೆ ಒಳಗೂ ಹೊರಗೂ ಪ್ಲಾಸ್ಟರು ಹೊಡೆಸಿದೆ. ಎಂಥಾ ನುಣುಪು! ರಸಮಟ್ಟವಿಟ್ಟರೆ ಗುಳ್ಳೆ ನಡುವೆ ನಿಂತಿತು. ಆಮೇಲೆ ತಾಳೆ ಗರಿಗಳನ್ನು ಮೊದಲಿದ್ದ ಹಾಗೆಯೇ ಮುಚ್ಚಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎನ್ನುತ್ತಾರಲ್ಲ, ಹಾಗೆ. ಮಳೆ ಬಂದು ಹೋಗಲಿ, ಗೋಡೆ ಉಳಿದಿದ್ದನ್ನು ಕಂಡ ಮೇಲೆ ಹೇಳಿದರಾಯಿತು, ಆಗ ಬಯ್ಯಲು ಅವಳಿಗೆ ಕಾರಣವೇ ಇರುವುದಿಲ್ಲ ಎಂದು ಲೆಕ್ಕ ಹಾಕಿದೆ. ಆ ಸಂಜೆ ವಾರಿಜ ಮಾಡಿದ ಹೆಸರುಕಾಳಿನ ಪೆಸರಟ್ಟನ್ನು ಮೂರು ತಿಂದೆ.

ವಿಜಯವಾಡ

ಮರುದಿನ ನಾವು ವಿಜಯವಾಡಕ್ಕೆ ಹೋಗಬೇಕೆಂದು ಮೊದಲೇ ನಿಶ್ಚಯವಾಗಿ, ವಾರಿಜ ಅಂದಿನಿಂದ ಬ್ಯಾಂಕಿಗೆ ರಜೆ ಹಾಕಿದ್ದಳು. ಅಲ್ಲಿ ಬಿಚ್ಚಿದ ಹಳೆಯ ಮನೆಗಳ ಬಾಗಿಲು, ಕಿಟಕಿ, ಕಂಬ ಮಾರುವ ಮರದ ಅಡ್ಡೆಗಳಿವೆ. ಹೊಸ ಮರ ಕಡಿಸುವುದಿಲ್ಲ ಎಂದು ವಾರಿಜ ಹಟ ಹಿಡಿದಿದ್ದಳು. ವಿಜಯವಾಡದ ಬಿಸಿಲಿನ ವಿಷಯ ಬರೆಯುವುದಿಲ್ಲ. ಮೋಡ ಕವಿದ ದಿನವೇ ಅಂಗಿ ಬೆನ್ನಿಗೆ ಅಂಟಿತ್ತು ಎಂದರೆ ಸಾಕು.

ಬಾಗಿಲುಗಳು ಸಾಲಾಗಿ ಒಂದಕ್ಕೊಂದು ಒರಗಿ ನಿಂತಿದ್ದವು. ಒಂದರ ಮೇಲೆ ಮಗುವಿನ ಎತ್ತರ ಗುರುತಿಸಿದ ಗೀರುಗಳು, ಇನ್ನೊಂದರ ಮೇಲೆ ಹಳೆಯ ಅರಿಶಿನ. ವಾರಿಜ ಪ್ರತಿಯೊಂದನ್ನೂ ತೆರೆದು ಮುಚ್ಚಿ ನೋಡಿದಳು. ಗೋಡೆಯಿಲ್ಲದ ಬಾಗಿಲನ್ನು ಅಷ್ಟು ಗಂಭೀರವಾಗಿ ತೆರೆದು ಆಚೆ ಹೋಗಿ ಬರುವವಳನ್ನು ಕಂಡು ಅಂಗಡಿಯವನಿಗೂ ನಗು ಬಂತು. ಕೊನೆಗೆ ಆರಿಸಿದ್ದು ಗಿಡ್ಡನೆಯ ಒಂದು ತೇಗದ ಬಾಗಿಲು. ನನ್ನ ತಲೆ ತಾಗುತ್ತದೆ ಎಂದೆ.

“ಬಗ್ಗಿ ಬಾ. ಎಲ್ಲಾ ಕಡೆ ಎದೆ ಸೆಟೆಸಿಕೊಂಡೇ ಹೋಗಿದ್ದೀಯ” ಎಂದಳು.

ಸಂಜೆ ಕೃಷ್ಣೆಯ ಬ್ಯಾರೇಜಿನ ಬಳಿ ನಿಂತು ಪುನುಗುಲು ಎನ್ನುವ ಪುಟ್ಟ ಬೋಂಡ ತಿಂದೆವು. ಇದು ನಮ್ಮ ಆಲಮಟ್ಟಿ ದಾಟಿ ಬಂದ ನೀರು ಎಂದು ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ. ವಾರಿಜ ನೀರು ನೋಡುತ್ತ, ಬಂದದ್ದು ಎಲ್ಲಿಂದಲಾದರೂ ಆಗಲಿ, ಈಗ ಇಲ್ಲಿನದು ಎಂದಳು. ಅಷ್ಟರಲ್ಲಿ ಸ್ಫೂರ್ತಿಯ ಫೋನು ಬಂತು. ವಿಶಾಖಪಟ್ಟಣದಲ್ಲಿ ಮಳೆ ಶುರುವಾಗಿದೆಯಂತೆ. ನನಗೆ ಒಳಗೊಳಗೇ ಹಿಗ್ಗು. ಹೊಡೆಸಿದ್ದು ಒಳ್ಳೆಯದೇ ಆಯಿತು ಎಂದುಕೊಂಡು ಇನ್ನೊಂದು ತಟ್ಟೆ ಪುನುಗುಲು ತರಿಸಿದೆ.

ಮಂಗಳಗಿರಿ

ವಾರಿಜ ಹಿಂದೆ ವಿಜಯವಾಡದಲ್ಲಿ ಇದ್ದಾಗ ಪರಿಚಯವಾದ ನೇಕಾರರ ಮನೆ ಮಂಗಳಗಿರಿಯಲ್ಲಿತ್ತು. ಮಾರನೆಯ ದಿನ ಅಲ್ಲಿಗೆ ಹೋದೆವು. ಸೀರೆಯ ನೆಪ, ಅವರನ್ನು ನೋಡುವ ಆಸೆ. ಮನೆಯ ಹಿರಿಯಳು ಕೋಟಮ್ಮ, ಎಂಬತ್ತರ ಹತ್ತಿರದವಳು. ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಒಳಕೋಣೆಯಲ್ಲಿ ಮಗ ನೆಲಕ್ಕೆ ತೋಡಿದ ಗುಂಡಿಯಲ್ಲಿ ಕಾಲಿಳಿಸಿ ಕೂತು ಮಗ್ಗ ನಡೆಸುತ್ತಿದ್ದ. ಮನೆಯ ನೆಲವೆಲ್ಲ ಸಿಮೆಂಟು, ಗುಂಡಿಯೊಳಗೆ ಮಾತ್ರ ಹಸಿ ಮಣ್ಣು. ಇಂಜಿನಿಯರನ ಕಣ್ಣಿಗೆ ಅದು ಅರ್ಧಕ್ಕೆ ಬಿಟ್ಟ ಕೆಲಸದ ಹಾಗೆ ಕಂಡಿತು. ಯಾಕೆ ಹೀಗೆ ಎಂದು ಕೇಳಿದೆ.

ಕೇಳಬಾರದಿತ್ತು. ಕೋಟಮ್ಮ ಕಥೆಯನ್ನೇ ಹೇಳಿದಳು. ಮಗನಿಗೆ ಮದುವೆ ಮಾಡುವಾಗ ಮನೆ ಚಂದ ಕಾಣಲಿ ಎಂದು ನೆಲಕ್ಕೂ ಗುಂಡಿಗೂ ಸಿಮೆಂಟು ಹಾಕಿಸಿದ್ದರು. ಆವತ್ತಿನಿಂದ ನೂಲು ತುಂಡಾಗತೊಡಗಿತು. ಒಂದು ಸೀರೆ ಮುಗಿಸುವಷ್ಟರಲ್ಲಿ ಮಗನ ಕಣ್ಣಲ್ಲಿ ನೀರು. ಯಾರೋ ದೃಷ್ಟಿ ಎಂದರು, ದೃಷ್ಟಿಯನ್ನೂ ತೆಗೆದರು. ಕೊನೆಗೆ ಅವಳ ಗಂಡ ಹಾರೆ ತಂದು ಗುಂಡಿಯ ಸಿಮೆಂಟು ಒಡೆದುಹಾಕಿದ. ಮಣ್ಣಿನ ತಂಪು ಮೇಲೆ ಬಂದ ಕೂಡಲೇ ನೂಲು ಮಾತು ಕೇಳಿತು.

ಆಮೇಲೆ ಅವಳು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಿ ಹಿಂದಿನ ಗೋಡೆ ತೋರಿಸಿದಳು. ಒಳಗೆ ಹಳೆಯ ಮಣ್ಣಿನ ಗೋಡೆ, ಮೇಲೆ ಸಿಮೆಂಟಿನ ಪ್ಲಾಸ್ಟರು. ಕೈಯಲ್ಲಿದ್ದ ಲಾಳಿಯಿಂದ ತಟ್ಟಿದಳು. ಟೊಳ್ಳು ಸದ್ದು. ಕೆಳಗೆ ಒಂದು ಕಡೆ ಪ್ಲಾಸ್ಟರು ಹಾಳೆಯಂತೆ ಬಿಟ್ಟುಕೊಂಡಿತ್ತು, ಅದರ ಬೆನ್ನಿಗೆ ಗೋಡೆಯ ಮಣ್ಣೂ ಅಂಟಿಕೊಂಡು ಬಂದಿತ್ತು. ಹಸಿ ಗಾಯಕ್ಕೆ ಪ್ಲಾಸ್ಟಿಕ್ ಸುತ್ತಿದರೆ ಏನಾಗುತ್ತದೋ ಅದೇ ಆಯಿತು ಎಂದಳು. ಮಳೆಗೆ ಮಣ್ಣು ಒದ್ದೆಯಾಗುತ್ತದೆ, ಬಿಸಿಲಿಗೆ ಒಣಗುತ್ತದೆ, ಅದಕ್ಕೆ ಗೊತ್ತಿದೆ. ಸಿಮೆಂಟು ಹಾಕಿದ ಮೇಲೆ ಹೊಕ್ಕ ನೀರಿಗೆ ಹೊರಗೆ ಬರುವ ದಾರಿಯಿಲ್ಲ.

ವಾರಿಜ ತಲೆದೂಗುತ್ತ ಕೇಳುತ್ತಿದ್ದಳು. “ಅದಕ್ಕೇ ಅಪ್ಪಲರಾಜು ಗೋಡೆಗೆ ಸಿಮೆಂಟು ಸೋಕಿಸಬಾರದು ಅಂತಾನೆ” ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. ಅವಳ ಗೋಡೆ ಕೋಟಮ್ಮನ ಗೋಡೆಯ ಹಾಗೆ ಹಳೆಯದಲ್ಲ, ಒಣಗಿದ್ದೂ ಅಲ್ಲ. ಹಸಿ ಗೋಡೆ. ಅದರ ಎರಡೂ ಮಗ್ಗುಲನ್ನು ನಾನು ಮುಚ್ಚಿ ಬಂದಿದ್ದೆ.

ವಾರಿಜ ಒಂದು ತಿಳಿ ಹಸಿರು ಸೀರೆ ಕೊಂಡಳು, ಸರೋಜಳಿಗೆಂದು. ನನ್ನನ್ನು ಅಭಿಪ್ರಾಯ ಕೇಳಿದಳು. ಚೆನ್ನಾಗಿದೆ ಎಂದೆ. ಸೀರೆಯ ಬಣ್ಣ ನಾನು ಸರಿಯಾಗಿ ನೋಡಿದ್ದು ತಿಪಟೂರಿಗೆ ಬಂದ ಮೇಲೆ.

ಗೋದಾವರಿಯ ಮೇಲೆ

ಮರುದಿನ ಬೆಳಗಿನ ರೈಲಿಗೆ ಹೊರಟೆವು. ಮಳೆ ನಿಂತಿತ್ತು. ಗದ್ದೆಗಳಲ್ಲಿ ನೀರು ಹೊಳೆಯುತ್ತಿತ್ತು. ರಾಜಮಂಡ್ರಿಯ ಹತ್ತಿರ ರೈಲು ಗೋದಾವರಿಯ ಸೇತುವೆ ಹತ್ತಿತು. ಬೋಗಿಯಲ್ಲಿದ್ದವರೆಲ್ಲ ಕಿಟಕಿಯ ಕಡೆ ಸರಿದು ನದಿಗೆ ನಾಣ್ಯ ಎಸೆದು ಕೈಮುಗಿದರು. ವಾರಿಜಳೂ ಮುಗಿದಳು. ಏನು ಕೇಳಿಕೊಂಡೆ ಎಂದು ಸುಮ್ಮನೆ ಕೇಳಿದೆ. ಮಳೆಗೆ ಗೋಡೆ ಉಳಿದಿರಲಿ ಅಂತ, ಇನ್ನೇನು ಎಂದಳು.

ಇನ್ನು ತಡೆದುಕೊಳ್ಳಲಾಗಲಿಲ್ಲ. ಸೇತುವೆ ಮುಗಿಯುವುದರೊಳಗೆ ಎಲ್ಲ ಹೇಳಿಬಿಟ್ಟೆ. ಗಾರೆಯವನು, ಎರಡು ಮೂಟೆ, ತಾಳೆ ಗರಿ. ನನಗೆ ಭಯವಾಗಿತ್ತು ಎನ್ನುವುದನ್ನೂ ಹೇಳಿದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

“ಹನ್ನೊಂದು ಮನೇಲಿ ಒಂದು ಮೊಳೆ ಹೊಡೆಯೋಕೂ ಮನೆ ಮಾಲೀಕರನ್ನ ಕೇಳಿದೀನಿ ಅಣ್ಣಯ್ಯ” ಎಂದಳು. “ಇದೊಂದು ನನ್ನ ಗೋಡೆ. ನೀನು ನನ್ನನ್ನ ಒಂದು ಮಾತು ಕೇಳಲಿಲ್ಲ.”

ಆಮೇಲೆ ಕಿಟಕಿಯ ಕಡೆ ತಿರುಗಿ ಕೂತಳು. ಸಾಮರ್ಲಕೋಟದಲ್ಲಿ ಚಹಾದವನು ಬಂದಾಗ ಒಂದೇ ಚಹಾ ತೆಗೆದುಕೊಂಡಳು. ನನ್ನ ಜೀವಮಾನದಲ್ಲಿ ಮೇಲಧಿಕಾರಿಗಳಿಂದ ಎಷ್ಟೋ ನೋಟೀಸು ತಿಂದಿದ್ದೇನೆ, ಯಾವುದೂ ಆ ಒಂದು ಲೋಟದಷ್ಟು ಚುಚ್ಚಲಿಲ್ಲ. ವಾರಿಜನ ರೂಮು ಕಟ್ಟಿಸುವಾಗಲೂ ನಾನು ಅವಳನ್ನು ಕೇಳಿರಲಿಲ್ಲ. ಕಿಟಕಿ ಯಾವ ಕಡೆ ಬೇಕು ಎಂದೂ ಕೇಳಿರಲಿಲ್ಲ. ಪ್ರೀತಿ ಇದ್ದ ಮೇಲೆ ಕೇಳುವುದೇನು ಎಂದುಕೊಂಡವನು ನಾನು. ಅವಳು ಆ ಕೋಣೆಯಲ್ಲಿ ಯಾಕೆ ಮಲಗಲಿಲ್ಲ ಎನ್ನುವುದಕ್ಕೆ ಸೆಕೆ ಒಂದೇ ಕಾರಣವಲ್ಲ ಎಂದು ಆ ರೈಲಿನಲ್ಲಿ ನನಗೆ ಹೊಳೆಯಿತು. ಅಷ್ಟು ವರ್ಷ ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು.

ತುನಿ ದಾಟಿದ ಮೇಲೆ ಎರಡನೆಯ ಚಹಾದವನು ಬಂದ. ಎರಡು ಲೋಟ ತೆಗೆದುಕೊಂಡಳು. ಒಂದನ್ನು ನನ್ನ ಕಡೆ ಸರಿಸಿ, ಮತ್ತೆ ಕಿಟಕಿಯ ಕಡೆ ತಿರುಗಿದಳು.

ಗೋಡೆ

ಮರುದಿನ ಬೆಳಿಗ್ಗೆ ನಾವು ಜಾಗಕ್ಕೆ ಹೋಗುವಷ್ಟರಲ್ಲಿ ಅಪ್ಪಲರಾಜು ಮದುವೆಯಿಂದ ಮರಳಿ ತಾಳೆ ಗರಿ ತೆಗೆದಿದ್ದ. ಉಳಿದ ಗೋಡೆಗಳು ಮಳೆಗೆ ಒಂದಿಷ್ಟು ಮೈ ಕಳೆದುಕೊಂಡು ಬಿಸಿಲು ಕಾಯುತ್ತ ನಿಂತಿದ್ದವು, ಅಷ್ಟೇ. ಸಿಮೆಂಟು ಹೊಡೆಸಿದ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳು. ಅವನು ಬೆರಳ ಗೆಣ್ಣಿನಿಂದ ತಟ್ಟಿದ. ಕೋಟಮ್ಮನ ಗೋಡೆಯ ಸದ್ದೇ ಬಂತು.

ಯಾರು ಮಾಡಿದ್ದು ಎಂದು ಅವನು ಕೇಳುವ ಮೊದಲೇ ನಾನು ಹೇಳಿದೆ. ಪೈಡಮ್ಮ ಬಾಯಿಂದ ಚುಟ್ಟ ತೆಗೆದು ನನ್ನನ್ನು ನೋಡಿದಳು. ಅವಳು ಏನಾದರೂ ಹೇಳುವ ಮುಂಚೆ ನಾನು ಉಳಿ ಸುತ್ತಿಗೆ ತೆಗೆದುಕೊಂಡೆ. ಮಾಡಿದ್ದುಣ್ಣೋ ಮಹಾರಾಯ. ಮಧ್ಯಾಹ್ನದವರೆಗೆ ಕೆತ್ತಿದೆ. ಪ್ಲಾಸ್ಟರಿನ ಹಿಂದೆ ಮಣ್ಣು ಹಲ್ವದ ಹಾಗೆ ಮೆತ್ತಗಿತ್ತು. ಬೆರಳಿಟ್ಟರೆ ಗೆಣ್ಣಿನವರೆಗೆ ಹೋಗುತ್ತಿತ್ತು. ಇನ್ನೊಂದು ವರಸೆ ಮೇಲೇರಿಸಿದ್ದರೆ ಗೋಡೆ ಕೂತುಬಿಡುತ್ತಿತ್ತು ಎಂದು ಅಪ್ಪಲರಾಜು ಹೇಳಿದ. ಸ್ಫೂರ್ತಿ ಬಂದು ನೋಡಿ, “ಪರ್ವಾಲೇದು ಅಂಕಲ್, ಅದೇ, ಪರವಾಗಿಲ್ಲ” ಎಂದು ನನಗೆ ನೀರಿನ ಬಾಟಲಿ ಕೊಟ್ಟಳು.

ಎರಡಡಿ ಗೋಡೆಯನ್ನೂ ಕೆಡವಬೇಕಾಯಿತು. ವಾರಿಜ ಒಂದು ಪಕ್ಕದಲ್ಲಿ ಕೂತು, ಮಣ್ಣಿನಿಂದ ಸಿಮೆಂಟಿನ ಚೂರುಗಳನ್ನು ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಆರಿಸುತ್ತಿದ್ದಳು. ಇಷ್ಟು ಮಣ್ಣು ಹಾಳಾಯಿತಲ್ಲ ಎಂದು ನಾನು ಹೇಳಿದೆ. ಅಪ್ಪಲರಾಜುವಿಗೆ ನನ್ನ ಮಾತು ಅರ್ಥವಾಗಲಿಲ್ಲ.

“ಮಣ್ಣು ಹಾಳಾಗೋದು ಹೇಗೆ ಬಾಬು? ನೀರು ಹಾಕಿ ತುಳಿದರೆ ಮತ್ತೆ ಗೋಡೆ” ಎಂದ.

ಒಂದು ಹಳ್ಳಿಯಲ್ಲಿ ನಾನು ಕಟ್ಟಿಸಿದ ಸಮುದಾಯ ಭವನವಿದೆ. ಅದರ ತೊಲೆಯೊಂದು ತಪ್ಪಾಗಿ ಕೂತದ್ದು ನನ್ನ ತಪ್ಪಿನಿಂದಲೇ. ಇವತ್ತಿಗೂ ಅದು ಹಾಗೆಯೇ ಇದೆ. ಸರಿಮಾಡಲು ಒಡೆಯಬೇಕು, ಒಡೆದದ್ದನ್ನು ಎಸೆಯಬೇಕು. ನಾನು ಕಟ್ಟಿದ ಯಾವುದೂ ನನಗೆ ಎರಡನೆಯ ಸಲ ಅವಕಾಶ ಕೊಟ್ಟಿರಲಿಲ್ಲ. ಪ್ಯಾಂಟು ಮಡಚಿ ಮಣ್ಣು ತುಳಿಯುವ ಗುಂಡಿಗೆ ಇಳಿದೆ. ಪೈಡಮ್ಮ ಹೇಗೆ ತುಳಿಯಬೇಕೆಂದು ತೋರಿಸಿದಳು, ಹಿಮ್ಮಡಿಯಿಂದ, ಅವಸರವಿಲ್ಲದೆ. ಸ್ಫೂರ್ತಿ ಫೋಟೋ ತೆಗೆದು, ವಾರಿಜಳಿಂದ ನಂಬರು ಪಡೆದು ಸರೋಜಳಿಗೆ ಕಳಿಸಿಬಿಟ್ಟಿದ್ದಳು. ಹತ್ತು ನಿಮಿಷಕ್ಕೆ ಫೋನು. “ಕೈ ಹಾಕ್ಬೇಡಿ ಅಂದಿದ್ದೆ. ಕಾಲೇ ಹಾಕಿಬಿಟ್ಟಿದ್ದೀರಲ್ಲ” ಎಂದಳು.

ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲವಂತೆ. ಏನಾದರೂ ತೂಗುಹಾಕಬೇಕಿದ್ದರೆ ಗೋಡೆ ಹಸಿಯಿರುವಾಗಲೇ ಮರದ ಗೂಟ ಇಟ್ಟು ಕಟ್ಟಬೇಕು. ಆ ಸಂಜೆ ಹೊಸ ವರಸೆ ಮುಗಿಯುತ್ತ ಬಂದಾಗ ವಾರಿಜ ಗೋಡಂಬಿ ಕೊಂಬೆಯ ಒಂದು ಗೂಟ ತಂದು ನನ್ನ ಕೈಗೆ ಕೊಟ್ಟಳು. ಮುಂದೆ ಜಗುಲಿಯಾದ ಮೇಲೆ ಅಲ್ಲಿ ಕೂತರೆ ಕೈಗೆಟುಕುವ ಜಾಗ ನೋಡಿ, ಇಲ್ಲಿ ಇಡಲೇ ಎಂದು ಕೇಳಿದೆ.

“ಇಡು” ಎಂದಳು. ಎರಡು ದಿನಗಳಲ್ಲಿ ನನ್ನ ಜೊತೆ ಅವಳು ಆಡಿದ ಮೊದಲ ಮಾತು ಅದು. ಅಪ್ಪಲರಾಜು ಸುತ್ತ ಮಣ್ಣು ಒತ್ತಿದ. ವಾರಿಜ ನನ್ನ ತೂಕದ ಗುಂಡನ್ನು ಅದಕ್ಕೆ ತೂಗುಹಾಕಿ, ಇದು ಇಲ್ಲೇ ಇರಲಿ ಎಂದಳು.

ನನ್ನ ವಾಪಸು ಟಿಕೆಟ್ಟು ಗುರುವಾರಕ್ಕಿತ್ತು. ಗುರುವಾರ ಬೆಳಿಗ್ಗೆ ವಾರಿಜ ಗೋಡೆಗೆ ಹೆಬ್ಬೆರಳು ಒತ್ತಿದಳು. ಗುರುತು ಬಿತ್ತು. ಗೋಡೆ ಒಣಗಿದ್ದು ನೋಡದೆ ಹೇಗೆ ಹೋಗುತ್ತೀಯ ಎಂದಳು. ಟಿಕೆಟ್ಟು ರದ್ದು ಮಾಡಿದೆ. ಶುಕ್ರವಾರವೂ ಗುರುತು ಬಿತ್ತು, ತೆಳ್ಳಗೆ. ನಾವಿಬ್ಬರೂ ಗೋಡಂಬಿ ಮರದ ಕೆಳಗೆ ಕೂತು, ನಾನು ತಂದ ಕೊಬ್ಬರಿಯನ್ನು ಬೆಲ್ಲದ ಜೊತೆ ತಿಂದೆವು. ಕಿಟಕಿ ಯಾವ ಕಡೆ ಬರುತ್ತದೆ ಎಂದು ಕೇಳಿದೆ. ಅವಳು ಮಧ್ಯಾಹ್ನದವರೆಗೆ ಹೇಳಿದಳು. ಮೂವತ್ತನಾಲ್ಕು ವರ್ಷದ ಇಂಜಿನಿಯರು ಒಂದು ಮಾತೂ ಆಡದೆ ಕೇಳಿದ.

ಶನಿವಾರ ಒಳ್ಳೆಯ ಬಿಸಿಲಿತ್ತು. ಗೋಡೆಯ ಬಣ್ಣ ತಿಳಿಯಾಗಿತ್ತು. ಅಪ್ಪಲರಾಜು ದೂರದಲ್ಲಿ ಕೈಕಟ್ಟಿ ನಿಂತಿದ್ದ. ವಾರಿಜ ಒಂದು ತುದಿಯಿಂದ ಒತ್ತುತ್ತ ಬಂದಳು. ನಾನು ಹಿಂದೆಯೇ ಬಂದೆ. ಎಲ್ಲೂ ಗುರುತಿಲ್ಲ. ಗೂಟದ ಬಳಿ ನಿಂತು ಇನ್ನೊಮ್ಮೆ, ಉಗುರು ಬೆಳ್ಳಗಾಗುವಷ್ಟು ಬಲವಾಗಿ ಒತ್ತಿದಳು. ಗೋಡೆ ಕಲ್ಲಿನಂತಿತ್ತು.

“ಇನ್ನೂ ಹಸಿ ಇದೆ ಅಣ್ಣಯ್ಯ. ನೀನೂ ನೋಡು” ಎಂದಳು.

ನಾನು ಅವಳ ಹೆಬ್ಬೆರಳಿದ್ದ ಜಾಗದಲ್ಲೇ ನನ್ನ ಹೆಬ್ಬೆರಳಿಟ್ಟು ಒತ್ತಿದೆ.

“ಹೌದು, ಹಸಿ ಇದೆ” ಎಂದೆ. “ಇನ್ನೆರಡು ದಿನ ಇರಲಾ?”